ತಪ್ಪು ಅನುವಾದಕ್ಕೆ ಬೀಗ ಮದ್ದಲ್ಲ

ನಟಿ ಬಿ. ಸರೋಜಾದೇವಿ 2025ರ ಜುಲೈ 14ರಂದು ತೀರಿಕೊಂಡರು. ಮರುದಿನ ಚನ್ನಪಟ್ಟಣ ತಾಲ್ಲೂಕಿನ ದಶವಾರದಲ್ಲಿ ಅಂತ್ಯಕ್ರಿಯೆ ನಡೆಯಿತು. ಮುಖ್ಯಮಂತ್ರಿ ಸಿದ್ದರಾಮಯ್ಯ ನಟಿಯ ಅಂತಿಮ ದರ್ಶನ ಪಡೆದ ಸುದ್ದಿಯನ್ನು ಫೇಸ್‌ಬುಕ್ ನಡೆಸುವ ಮೆಟಾ ಕಂಪನಿಯ ಯಂತ್ರ ಕನ್ನಡದಿಂದ ಇಂಗ್ಲಿಷಿಗೆ ತಿರುಗಿಸಿ, ತೀರಿಕೊಂಡವರು ಮುಖ್ಯಮಂತ್ರಿಯೇ ಎಂದು ಸಾರಿಬಿಟ್ಟಿತು. ನಿಖರತೆ ಬರುವವರೆಗೆ ಕನ್ನಡದ ಸ್ವಯಂಚಾಲಿತ ಅನುವಾದ ನಿಲ್ಲಿಸಿ ಎಂದು ಮುಖ್ಯಮಂತ್ರಿಯವರ ಮಾಧ್ಯಮ ಸಲಹೆಗಾರ ಕೆ.ವಿ. ಪ್ರಭಾಕರ್ ಪತ್ರ ಬರೆದರು. ಮೆಟಾ ಕ್ಷಮೆ ಕೇಳಿತು, ದೋಷ ಸರಿಪಡಿಸಿದ್ದೇವೆ ಎಂದಿತು. ಗದ್ದಲ ಅಲ್ಲಿಗೆ ತಣ್ಣಗಾಯಿತು. ತಣ್ಣಗಾಗಬಾರದಿತ್ತು.

ಯಂತ್ರ ಎಡವಿದ್ದು ಕನ್ನಡದ ತೀರಾ ಸಾಮಾನ್ಯ ವಾಕ್ಯರಚನೆಯಲ್ಲಿ. 'ನಿನ್ನೆ ನಿಧನರಾದ' ಎಂದರೆ ಆ ಮಾತು ಮುಂದೆ ಬರುವ ಹೆಸರಿಗೆ ಸೇರಬೇಕು. ಯಂತ್ರ ಹಿಂದಿನ ಹೆಸರಿಗೆ ಅಂಟಿಸಿತು. ಪ್ರಾಥಮಿಕ ಶಾಲೆಯ ಮಗುವೂ ಮಾಡದ ತಪ್ಪಿದು. 2011ರ ಜನಗಣತಿಯಂತೆ ಕನ್ನಡ 4.37 ಕೋಟಿ ಜನರ ತಾಯ್ನುಡಿ. ಆದರೆ ಯಂತ್ರ ತಲೆ ಎಣಿಸುವುದಿಲ್ಲ. ಒಂದೇ ವಾಕ್ಯ ಎರಡು ಭಾಷೆಗಳಲ್ಲಿ ಜೋಡಿಯಾಗಿ ಎಷ್ಟು ಸಿಗುತ್ತದೋ ಅಷ್ಟರಿಂದ ಕಲಿಯುತ್ತದೆ. ಆ ಲೆಕ್ಕದಲ್ಲಿ ಕನ್ನಡ ಬಡ ಭಾಷೆ. ಅನುವಾದ ನಿಲ್ಲಿಸಿದರೆ ಈ ಬಡತನ ನೀಗುವುದಿಲ್ಲ. ಕನ್ನಡದಲ್ಲಿ ಬರೆದದ್ದು ಹೊರಗಿನವರ ಕಣ್ಣಿಗೇ ಬೀಳದಂತಾಗುತ್ತದೆ, ಅಷ್ಟೆ. ಹಾಗೆಂದು ಕಾಲಕ್ರಮೇಣ ಯಂತ್ರ ಕಲಿಯುತ್ತದೆ ಬಿಡಿ ಎನ್ನುವವರ ವಾದವನ್ನೂ ಒಪ್ಪಲಾಗದು. ಕಲಿಯುವವರೆಗೆ ಸುಳ್ಳು ಹಬ್ಬಿಸಲು ಯಾರಿಗೂ ಪರವಾನಗಿ ಇಲ್ಲ. ಇದು ಯಂತ್ರದ ಅನುವಾದ ಎಂಬ ಸೂಚನೆ ಎದ್ದು ಕಾಣಬೇಕು, ಮೂಲ ಕನ್ನಡ ಪಕ್ಕದಲ್ಲೇ ಇರಬೇಕು, ತಪ್ಪು ತೋರಿಸಿದರೆ ತಿದ್ದುವ ಕನ್ನಡ ಬಲ್ಲ ಸಿಬ್ಬಂದಿ ಕಂಪನಿಯಲ್ಲಿರಬೇಕು.

ಇನ್ನು ನಮ್ಮ ಮನೆಯ ವಿಚಾರ. ರಾಜ್ಯದ ಕಾಯ್ದೆಗಳು, ಬಜೆಟ್ ಭಾಷಣಗಳು, ಪಠ್ಯಪುಸ್ತಕಗಳು ಕನ್ನಡ, ಇಂಗ್ಲಿಷ್ ಎರಡರಲ್ಲೂ ಇವೆ. ಯಂತ್ರಕ್ಕೆ ಪಾಠ ಹೇಳಲು ಇದಕ್ಕಿಂತ ಒಳ್ಳೆಯ ಸಾಮಗ್ರಿ ಬೇರೆಲ್ಲಿದೆ? ಆದರೆ ಸರ್ಕಾರಿ ಕಡತಗಳಲ್ಲಿ ಎಷ್ಟೋ ಇಂದಿಗೂ ಸ್ಕ್ಯಾನ್ ಮಾಡಿದ ಚಿತ್ರಗಳು, ಇಲ್ಲವೇ ಯೂನಿಕೋಡ್ ಅಲ್ಲದ ಹಳೆಯ ಫಾಂಟುಗಳು. ಇಂಥ ಫಾಂಟುಗಳನ್ನು ಕೊಟ್ಟ ನುಡಿ, ಬರಹ ತಂತ್ರಾಂಶಗಳು ಒಂದು ಕಾಲಕ್ಕೆ ಕನ್ನಡವನ್ನು ಕಂಪ್ಯೂಟರಿಗೆ ತಂದ ಉಪಕಾರ ಮರೆಯುವಂಥದ್ದಲ್ಲ. ಆ ಕಾಲದ ಕಡತಗಳನ್ನು ಪರಿವರ್ತಿಸದೆ ಕೂತದ್ದಕ್ಕೆ ಅದು ನೆಪವಾಗಬಾರದು.

ಶ್ರೀಮಂತ ಕಂಪನಿಗೆ ನಮ್ಮ ಸಾಮಗ್ರಿಯನ್ನು ಪುಕ್ಕಟೆ ಕೊಡುವುದೇ ಎಂಬ ಆಕ್ಷೇಪ ಸಹಜ. ಮುಕ್ತವಾಗಿ ಕೊಟ್ಟದ್ದು ಮೆಟಾದ ಸ್ವತ್ತಾಗುವುದಿಲ್ಲ. ಮದ್ರಾಸ್ ಐಐಟಿಯ 'ಎಐ4ಭಾರತ್' ತಂಡ 2023ರಲ್ಲಿ ಹೊರತಂದ 'ಇಂಡಿಕ್‌ಟ್ರಾನ್ಸ್2' ಅನುವಾದ ಯಂತ್ರವನ್ನು ಯಾರು ಬೇಕಾದರೂ ಬಳಸಬಹುದು. ಅದು ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಿಗಾಗಿ ರೂಪುಗೊಂಡಿತು. ಪಟ್ಟಿಯಲ್ಲಿಲ್ಲದ ತುಳು, ಕೊಡವ ಹೊರಗೇ ಉಳಿದವು. ಕನ್ನಡಕ್ಕೆ ಪಾಲು ಕೇಳುವವರು ಈ ನುಡಿಗಳ ಪರವಾಗಿಯೂ ದನಿ ಎತ್ತದಿದ್ದರೆ ಕೇಳುವ ನೈತಿಕ ಹಕ್ಕು ತೆಳುವಾಗುತ್ತದೆ.

ಮೆಟಾಗೆ ಪತ್ರ ಬರೆದದ್ದು ಸರಿ. ಅದರ ಒಂದು ಪ್ರತಿ ರಾಜ್ಯದ ಇ-ಆಡಳಿತ ಇಲಾಖೆಗೂ ಹೋಗಬೇಕಿತ್ತು.