ಘಾಟು ಇದೆ, ವಾಸನೆ ಇಲ್ಲ



ಇಷ್ಟು ದಿನ ಬಿಪಿ, ಕೊಲೆಸ್ಟ್ರಾಲ್, ನಡಿಗೆ ಎಂದು ಬರೆದವನು ಇವತ್ತು ಮೂಗಿನ ಬಗ್ಗೆ ಬರೆಯುತ್ತಿದ್ದೇನೆ. ಹೃದಯದ ಡಾಕ್ಟರಿಗೆ ಮೂಗಿನ ಉಸಾಬರಿ ಯಾಕೆ ಎನ್ನಬೇಡಿ, ದಯವಿಟ್ಟು ಕೊನೆಯವರೆಗೆ ಓದಿ.

ವಾಕಡದಲ್ಲಿ ನಮ್ಮ ಸೊಸೈಟಿಯ ಹತ್ತಿರವೇ ಮುಂಬೈ-ಬೆಂಗಳೂರು ಹೆದ್ದಾರಿ ಹಾದುಹೋಗುತ್ತದೆ. ಅದೇ ರಸ್ತೆ ಹಿಡಿದು ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿ ದಾಟಿದರೆ ಮೋಟೆಬೆನ್ನೂರು. ಅಲ್ಲಿಂದ ಒಳಗೆ ಹೊರಳಿದರೆ ನಮ್ಮ ಬ್ಯಾಡಗಿ. ಮೆಣಸಿನಕಾಯಿ ಸುಗ್ಗಿಯಲ್ಲಿ ಪೇಟೆಗೆ ಬಂದ ಹೊಸಬರು ಸೀನುತ್ತಾರೆ, ನಮಗೆ ಅದೇ ತವರಿನ ವಾಸನೆ. ಈಗಲೂ ಇಲ್ಲಿ ಯಾರದೋ ಮನೆಯಲ್ಲಿ ಒಣಮೆಣಸಿನಕಾಯಿ ಹುರಿದರೆ, ಲಿಫ್ಟಿನಲ್ಲಿ ನಿಂತಿರುವ ನಾನು ಅಪ್ಪನ ಕೈ ಹಿಡಿದ ಎಂಟು ವರ್ಷದ ಹುಡುಗನಾಗುತ್ತೇನೆ.

ನಿಮಗೂ ಹೀಗೆ ಆಗಿರುತ್ತದೆ. ಹಂಚಿನ ಮೇಲಿನ ಜೋಳದ ರೊಟ್ಟಿ, ಮೊದಲ ಮಳೆಯ ಮಣ್ಣು, ಅಜ್ಜಿಯ ಟ್ರಂಕಿನ ಸೀರೆ, ಮೈಸೂರ್ ಸ್ಯಾಂಡಲ್ ಸೋಪು.

ಇದಕ್ಕೆ ಕಾರಣ ಮೆದುಳಿನಲ್ಲಿದೆ. ಕಂಡದ್ದು, ಕೇಳಿದ್ದು, ಮುಟ್ಟಿದ್ದು ಎಲ್ಲವೂ ಮೊದಲು ಥಲಾಮಸ್ ಎಂಬ ಜಂಕ್ಷನ್‌ಗೆ ಹೋಗಿ ಮುಂದೆ ಸಾಗಬೇಕು. ವಾಸನೆ ಮಾತ್ರ ಆ ಜಂಕ್ಷನ್ ಹೊಗದೆ, ಭಾವನೆಯ ಅಮಿಗ್ಡಲಾ ಮತ್ತು ನೆನಪಿನ ಹಿಪೊಕ್ಯಾಂಪಸ್ ಭಾಗಗಳನ್ನು ಹತ್ತಿರದ ದಾರಿಯಲ್ಲಿ ತಲುಪುತ್ತದೆ. ನಮ್ಮ ಮೂಗಿನಲ್ಲಿ ಸುಮಾರು 400 ಬಗೆಯ ವಾಸನೆಯ ಗ್ರಾಹಕಗಳಿವೆ. ಇಂಥ ಗ್ರಾಹಕಗಳನ್ನು ಕಂಡುಹಿಡಿದ ರಿಚರ್ಡ್ ಆಕ್ಸೆಲ್ ಮತ್ತು ಲಿಂಡಾ ಬಕ್ ಅವರಿಗೆ 2004ರಲ್ಲಿ ನೊಬೆಲ್ ಬಂತು.

ಈಗ ನನ್ನ ತಪ್ಪು ಹೇಳುತ್ತೇನೆ.

ಅಪ್ಪ ತೀರಿಕೊಂಡ ಮೇಲೆ ಅವ್ವನನ್ನು ಇಲ್ಲಿಗೆ ಕರೆತಂದೆವು. ಅವಳದು ಒಂದೇ ದೂರು: "ನಿಮ್ಮ ಪುಣೆದಾಗ ಉಳ್ಳಾಗಡ್ಡಿಗೂ ವಾಸನಿ ಇಲ್ಲ ನೋಡಪಾ." ಊರಿನ ಹಂಬಲ ಎಂದು ಎಲ್ಲರೂ ನಕ್ಕೆವು. ಊಟ ಸಪ್ಪೆ ಎಂದು ಮೇಲುಪ್ಪು ಹಾಕಿಕೊಳ್ಳತೊಡಗಿದಳು, ಬಿಪಿ ಏರಿತು. ನಾನು ಉಪ್ಪಿನ ಡಬ್ಬಿ ಬಚ್ಚಿಟ್ಟು, ಬೈದು, ಮಾತ್ರೆ ಹೆಚ್ಚಿಸಿದೆ. ಊರಿಂದಲೇ ಖಾರಪುಡಿ ತರಿಸಿ ಅವಳ ಮೂಗಿಗೆ ಹಿಡಿದೆ. ಸೀನಿದಳು. "ಘಾಟ ಐತಿ, ವಾಸನಿ ಇಲ್ಲ. ಇದು ನಮ್ಮೂರ ಖಾರ ಅಲ್ಲ" ಅಂದಳು. ಘಾಟನ್ನು ತಿಳಿಸುವ ನರ ಬೇರೆ, ವಾಸನೆಯ ನರ ಬೇರೆ ಎಂದು ಎಂಬಿಬಿಎಸ್‌ನಲ್ಲೇ ಓದಿದವನು ನಾನು. ಆದರೂ ಹೊಳೆಯಲಿಲ್ಲ.

ಎರಡು ವರ್ಷದ ಮೇಲೆ ರೊಟ್ಟಿ ಬಡಿಯುವ ಕೈ ನಡುಗತೊಡಗಿತು. ಪಾರ್ಕಿನ್ಸನ್. ನರರೋಗ ತಜ್ಞರು ಕೇಳಿದ ಮೊದಲ ಪ್ರಶ್ನೆಗಳಲ್ಲಿ ಒಂದು, "ಇವರಿಗೆ ವಾಸನೆ ಕಡಿಮೆಯಾಗಿ ಎಷ್ಟು ದಿನವಾಯಿತು?"

ಕೈ ನಡುಗುವ ಎಷ್ಟೋ ವರ್ಷ ಮೊದಲೇ ಈ ಕಾಯಿಲೆಯಲ್ಲಿ ವಾಸನೆ ಕುಂದಬಹುದು. ಆಲ್ಝೈಮರ್‌ನಲ್ಲೂ ಹಾಗೆಯೇ. ಮುಂಚೆ ತಿಳಿದಿದ್ದರೂ ಕಾಯಿಲೆಯನ್ನು ತಡೆದು ನಿಲ್ಲಿಸುವ ಔಷಧಿ ಇನ್ನೂ ಇಲ್ಲ. ಆದರೆ ಎರಡು ವರ್ಷ ಅವ್ವನಿಗೆ ಬೈಯುತ್ತಿರಲಿಲ್ಲ.

ಊರು ಬಿಟ್ಟು ಬಂದ ನಾವು ಹೆತ್ತವರ ದೂರನ್ನೆಲ್ಲ "ಊರು ನೆನಪಾಗ್ತಿದೆ" ಎಂಬ ಒಂದೇ ಖಾತೆಗೆ ಹಾಕಿಬಿಡುತ್ತೇವೆ. ಅದು ತಪ್ಪು ಎಂಬುದೇ ಈ ಬರಹದ ಮಾತು. ಹಿರಿಯರು "ವಾಸನೆ ಇಲ್ಲ, ರುಚಿ ಇಲ್ಲ" ಅಂದರೆ ಅದನ್ನು ಎದೆನೋವಿನಷ್ಟೇ ಗಂಭೀರವಾಗಿ ಕೇಳಿಸಿಕೊಳ್ಳಿ.

ಗಾಬರಿ ಬೇಡ. ಹೆಚ್ಚಿನವರಲ್ಲಿ ಕಾರಣ ನೆಗಡಿ, ಸೈನಸ್, ಮೂಗಿನೊಳಗಿನ ದುರ್ಮಾಂಸ, ಕೋವಿಡ್ ಅಥವಾ ವಯಸ್ಸು. ಮೊದಲು ಇಎನ್‌ಟಿ ವೈದ್ಯರಿಗೆ ತೋರಿಸಿ. ಮನೆಯಲ್ಲಿ ಮಾಡಬೇಕಾದದ್ದು ಇಷ್ಟು:

1. ಮೊಮ್ಮಕ್ಕಳ ಜೊತೆ ಆಟದಂತೆ, ಕಣ್ಣು ಮುಚ್ಚಿಸಿ ಕಾಫಿಪುಡಿ, ಲವಂಗ, ನಿಂಬೆಸಿಪ್ಪೆ, ಮಲ್ಲಿಗೆ ಮೂಸಲು ಕೊಡಿ. ಗುರುತು ಸಿಗದಿದ್ದರೆ ವೈದ್ಯರಿಗೆ ಹೇಳಿ.

2. ವಾಸನೆ ಹೋದವರಿಗೆ ಅಡುಗೆ ಸಪ್ಪೆ ಎನಿಸಿ ಉಪ್ಪು ಏರುತ್ತದೆ. ದಿನಕ್ಕೆ ಎಲ್ಲ ಸೇರಿ 5 ಗ್ರಾಂ, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ ಇರಲಿ. ಬದಲಿಗೆ ನಿಂಬೆಹುಳಿ, ಹದವಾದ ಖಾರ, ಹುರಿದ ಶೇಂಗಾ ಕೊಡಿ. ಹುಳಿ, ಖಾರ, ಕುರುಕಲು ಮೂಗನ್ನು ಅವಲಂಬಿಸಿಲ್ಲ.

3. ಅಡುಗೆ ಗ್ಯಾಸಿಗೆ ಸ್ವಂತ ವಾಸನೆಯಿಲ್ಲ, ಸೋರಿದರೆ ತಿಳಿಯಲೆಂದೇ ಈಥೈಲ್ ಮರ್ಕ್ಯಾಪ್ಟನ್ ಬೆರೆಸುತ್ತಾರೆ. ಹಗಲಿಡೀ ಒಬ್ಬರೇ ಇರುವ ಹಿರಿಯರಿಗೆ ಅದು ತಿಳಿಯದಿದ್ದರೆ ಅಪಾಯ. ಗ್ಯಾಸ್ ಅಲಾರ್ಮ್ ಹಾಕಿಸಿ.

4. ನೆಗಡಿ, ಕೋವಿಡ್ ನಂತರ ವಾಸನೆ ಹೋಗಿದ್ದರೆ ಗುಲಾಬಿ, ನೀಲಗಿರಿ, ನಿಂಬೆ, ಲವಂಗಗಳನ್ನು ದಿನಕ್ಕೆ ಎರಡು ಸಲ ಮೂಸುವ ಅಭ್ಯಾಸವಿದೆ. ಜರ್ಮನಿಯ ಥಾಮಸ್ ಹುಮ್ಮೆಲ್ ಮತ್ತು ಸಂಗಡಿಗರು 2009ರಲ್ಲಿ 12 ವಾರಗಳ ಈ ಅಭ್ಯಾಸದಿಂದ ಸುಧಾರಣೆ ಕಂಡರು. ವೈದ್ಯರನ್ನು ಕೇಳಿ ಮಾಡಿ.

ಈಗ ನಮ್ಮ ಮನೆಯಲ್ಲಿ ಮೆಣಸಿನಕಾಯಿ ಹುರಿಯುವಾಗ "ಅವ್ವಾ, ಖಾರ ಹುರೀಲಿಕ್ಹತ್ತೇವಿ" ಎಂದು ಕೂಗಿ ಹೇಳುತ್ತೇನೆ. ವಾಸನೆ ಅವಳಿಗೆ ತಲುಪುವುದಿಲ್ಲ, ಮಾತು ತಲುಪುತ್ತದೆ. ಬ್ಯಾಡಗಿ ಪೇಟೆಯ ಕಥೆ ಶುರುಮಾಡುತ್ತಾಳೆ.

ಇವತ್ತು ರಾತ್ರಿ ಊರಿಗೆ ಫೋನ್ ಮಾಡಿದಾಗ "ಮಾತ್ರೆ ತಗೊಂಡ್ರಾ" ಎಂದು ಕೇಳಿದ ಮೇಲೆ ಇನ್ನೊಂದು ಪ್ರಶ್ನೆ ಕೇಳಿ: "ಒಗ್ಗರಣೆ ವಾಸನೆ ಮೊದಲಿನ ಹಾಗೆ ಬರ್ತದಾ?"

ಹೃದ್ರೋಗ ತಜ್ಞ, ವಾಕಡ, ಪುಣೆ