ಕೋಳಿ ಗೊಬ್ಬರದ ನೊಣಗಳಿಗೆ ಬೇವಿನ ಹಿಂಡಿ: ಮನವಿ ಪತ್ರ

ಗೆ,
ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳು,
ಜಿಲ್ಲಾ ಪಂಚಾಯಿತಿ, ಚಿಕ್ಕಬಳ್ಳಾಪುರ.

ಇಂದ,
ಶಿಡ್ಲಘಟ್ಟ ತಾಲ್ಲೂಕಿನ ರೇಷ್ಮೆ ಬೆಳೆಗಾರರು ಮತ್ತು ಗ್ರಾಮಸ್ಥರು.

ವಿಷಯ: ರಸ್ತೆ ಬದಿಯ ಗೊಬ್ಬರದ ರಾಶಿಗಳಿಗೆ ಬೇವಿನ ಹಿಂಡಿ ಬೆರೆಸಿ ನೊಣ ತಡೆಯುವ ಬಗ್ಗೆ.

ಮಾನ್ಯರೇ,

ದ್ರಾಕ್ಷಿ ತೋಟಗಳಿಗೆಂದು ಲಾರಿಯಲ್ಲಿ ಬರುವ ಕೋಳಿ ಗೊಬ್ಬರವನ್ನು ನಮ್ಮೂರಿನ ರಸ್ತೆ ಬದಿಯಲ್ಲಿ ಸುರಿದು ವಾರಗಟ್ಟಲೆ ಹಾಗೇ ಬಿಡುತ್ತಾರೆ. ಒಂದು ಮಳೆಗೆ ನೆಂದರೆ ಸಾಕು, ಎಂಟು-ಹತ್ತು ದಿನದಲ್ಲಿ ಊರೆಲ್ಲ ನೊಣ. ಅಂಗನವಾಡಿ ಮಕ್ಕಳು ಒಂದು ಕೈಯಲ್ಲಿ ಉಣ್ಣುತ್ತಾ ಇನ್ನೊಂದರಲ್ಲಿ ನೊಣ ಓಡಿಸುತ್ತಾರೆ.

ಆದರೂ ಔಷಧಿ ಹೊಡೆಸಿಕೊಡಿ ಎಂದು ಕೇಳುವ ಧೈರ್ಯ ನಮಗಿಲ್ಲ. ಕೀಟನಾಶಕ ಸೋಕಿದ ಹಿಪ್ಪುನೇರಳೆ ಸೊಪ್ಪು ತಿಂದರೆ ರೇಷ್ಮೆ ಹುಳು ಉಳಿಯುವುದಿಲ್ಲ; ನಾಲ್ಕನೇ ಜ್ವರ (ಪೊರೆ ಕಳಚುವ ಹಂತ) ದಾಟಿದ ಹುಳು ಸತ್ತರೆ ಇಡೀ ಬೆಳೆಯೇ ಹೋದಂತೆ. ನೊಣವೋ ವಿಷಕ್ಕೆ ಬೇಗ ಒಗ್ಗಿಕೊಳ್ಳುತ್ತದೆ. 1940ರ ದಶಕದಲ್ಲಿ ಡಿಡಿಟಿ ಬಂದ ಕೆಲವೇ ವರ್ಷಗಳಲ್ಲಿ ಯುರೋಪಿನ ನೊಣಗಳು ಅದಕ್ಕೆ ಜಗ್ಗದಂತಾಗಿದ್ದವು.

ಹಾರುವ ನೊಣದ ಹಿಂದೆ ಓಡುವ ಬದಲು ಗೊಬ್ಬರದಲ್ಲಿರುವ ಮರಿಹುಳುವನ್ನೇ ತಡೆಯಬಹುದು. ಬೇವಿನ ಬೀಜದಲ್ಲೂ ಅದರ ಹಿಂಡಿಯಲ್ಲೂ ಇರುವ ಅಜಾಡಿರಾಕ್ಟಿನ್ ಮರಿಹುಳು ಪೊರೆ ಕಳಚುವುದನ್ನೇ ಕೆಡಿಸುತ್ತದೆ. ಬಿಸಿಲಿಗೆ ಈ ಸತ್ವ ಬೇಗ ನಾಶವಾಗುವುದರಿಂದ ಹಿಂಡಿಯನ್ನು ಮೇಲೆ ಚೆಲ್ಲಿದರೆ ಸಾಲದು, ಗೊಬ್ಬರದೊಳಕ್ಕೆ ಬೆರೆಸಬೇಕು. ಬೇವು ತಾನೇ ಎಂದು ಎಲ್ಲೆಂದರಲ್ಲಿ ಸಿಂಪಡಿಸುವಂತೆಯೂ ಇಲ್ಲ. ರೇಷ್ಮೆ ಹುಳುವೂ ಪೊರೆ ಕಳಚಿಯೇ ಬೆಳೆಯುತ್ತದೆ. ಅದಕ್ಕೂ ಬೇವು ವಿಷವೇ. ಹಾಗಾಗಿ ಹಿಪ್ಪುನೇರಳೆ ತೋಟ, ಹುಳುಮನೆಗಳ ಹತ್ತಿರ ಬೇವಿನ ಎಣ್ಣೆಯ ಸಿಂಪಡಣೆಯನ್ನೂ ನಿಷೇಧಿಸಬೇಕು.

ಹಿಂಡಿಯ ಪ್ರಮಾಣ ನಾವು ಊಹಿಸಿ ಹೇಳುವಂಥದ್ದಲ್ಲ. ಕುರುಬೂರಿನ ಕೃಷಿ ವಿಜ್ಞಾನ ಕೇಂದ್ರ ಮತ್ತು ರೇಷ್ಮೆ ಇಲಾಖೆಯವರು ಒಟ್ಟಾಗಿ ನಾಲ್ಕಾರು ರಾಶಿಗಳ ಮೇಲೆ ಪ್ರಯೋಗ ಮಾಡಿ ನಿಗದಿಪಡಿಸಲಿ. ಆ ಪ್ರಕಾರ ಹಿಂಡಿಯನ್ನು ಜಿಲ್ಲಾ ಪಂಚಾಯಿತಿಯೇ ಗ್ರಾಮ ಪಂಚಾಯಿತಿಗಳಿಗೆ ಒದಗಿಸಬೇಕು. ಹಸಿ ಗೊಬ್ಬರವನ್ನು ಊರ ಬಳಿ ಸುರಿಯುವುದನ್ನು ತಡೆದು, ಒಣಗಿಸಿ ಟಾರ್ಪಾಲು ಹೊದಿಸುವ ಹೊಣೆಯನ್ನು ತರಿಸಿಕೊಂಡವರ ಮೇಲೇ ಹೊರಿಸಬೇಕು. ಒದ್ದೆ ಉಳಿದರೆ ಹಿಂಡಿಯೊಂದರಿಂದಲೇ ಕೆಲಸ ಆಗುವುದಿಲ್ಲ. ಅಂಗನವಾಡಿಗಳಿಗೆ ನೆಲ ಒರೆಸಲು ಮಜ್ಜಿಗೆ ಹುಲ್ಲಿನ ಎಣ್ಣೆ ಕೊಡಿಸಿದರೂ ಉಪಕಾರ. ಅದು ನೊಣವನ್ನು ಕೊಲ್ಲದಿದ್ದರೂ ಉಣ್ಣುವ ಹೊತ್ತಿಗೆ ದೂರ ಇಡುತ್ತದೆ.

ಊರಲ್ಲಿ ಯಾವುದೇ ಔಷಧಿ ಹೊಡೆಸುವುದಿದ್ದರೆ ಸೊಪ್ಪು ಕೊಯ್ದಿಟ್ಟುಕೊಳ್ಳಲು ಎರಡು ದಿನ ಮೊದಲೇ ಡಂಗುರ ಸಾರಿಸಬೇಕು. ಮುಂಗಾರಿಗೆ ಮುನ್ನವೇ ಆದೇಶ ಹೊರಡಿಸಬೇಕೆಂದು ಕೋರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
(ಗ್ರಾಮಸ್ಥರ ಸಹಿಗಳು)