ಮಾಡಿನ ಹಿಮ ಯಾವ ಕಡೆ ಬೀಳುತ್ತೆ?

ಹೋಟನ್‌ಗೆ ಹೊಸದಾಗಿ ಬರುವವರು ಮನೆ ಹುಡುಕುವಾಗ ಕೇಳುವ ಪ್ರಶ್ನೆಗಳು ನನಗೆ ಬಾಯಿಪಾಠ ಆಗಿಬಿಟ್ಟಿವೆ. ಬಾಡಿಗೆ ಎಷ್ಟು, ಹೀಟಿಂಗ್ ಸೇರಿದೆಯಾ, ಕ್ಯಾಂಪಸ್ಸಿಗೆ ನಡ್ಕೊಂಡು ಹೋಗಬಹುದಾ, ಒಗ್ಗರಣೆ ಹಾಕಿದ್ರೆ ಸ್ಮೋಕ್ ಅಲಾರಂ ಕೂಗುತ್ತಾ. ಎಲ್ಲಾ ಸರಿಯಾದ ಪ್ರಶ್ನೆಗಳೇ. ಆದರೆ "ಮಾಡಿನ ಹಿಮ ಯಾವ ಕಡೆ ಜಾರಿ ಬೀಳುತ್ತೆ?" ಅಂತ ಕೇಳಿದವರನ್ನು ನಾನಿನ್ನೂ ನೋಡಿಲ್ಲ. ವರ್ಷಕ್ಕೆ ಸುಮಾರು 200 ಇಂಚು, ಅಂದರೆ ಐದು ಮೀಟರ್ ಹಿಮ ಬೀಳುವ ಊರಿನಲ್ಲಿ ಬಾಡಿಗೆಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದು ಅನ್ನೋದು ನನ್ನ ವಾದ. (ಪಕ್ಕದ ಕೀವಿನಾ ಕೌಂಟಿಯಲ್ಲಿ 1978-79ರ ಚಳಿಗಾಲದಲ್ಲಿ 390.4 ಇಂಚು ಬಿದ್ದಿತ್ತು. ಹೆದ್ದಾರಿ ಪಕ್ಕ ಅದಕ್ಕೊಂದು ಎತ್ತರದ ಅಳತೆ ಫಲಕವೇ ಇದೆ. ಅಲ್ಲಿ ಫೋಟೋ ತೆಗೆಸಿಕೊಳ್ಳದ ಕನ್ನಡಿಗರು ಕಡಿಮೆ.)

ಬೀಳುವಾಗ ಹತ್ತಿಯ ಹಾಗೆ ಕಾಣುವ ಹಿಮಕ್ಕೆ ಎಷ್ಟು ತೂಕ ಇರುತ್ತೆ, ಒಂದು ಸಣ್ಣ ಲೆಕ್ಕ ಹಾಕೋಣ. ಆಗ ತಾನೇ ಬಿದ್ದ ಹಿಮ ಒಂದು ಘನ ಮೀಟರಿಗೆ 50ರಿಂದ 100 ಕೆಜಿ. ಕೆಲವು ದಿನ ಮಾಡಿನ ಮೇಲೆ ಕೂತು ಅಮುಕಿಕೊಂಡರೆ 200, 300 ಆಗುತ್ತದೆ. ಐದು ಮೀಟರ್ ಅಗಲ, ಹತ್ತು ಮೀಟರ್ ಉದ್ದದ ಒಂದು ಇಳಿಜಾರಿನ ಮೇಲೆ 40 ಸೆಂಟಿಮೀಟರ್ ಹಿಮ ಇದೆ, ಸಾಂದ್ರತೆ 250 ಅಂತಿಟ್ಟುಕೊಳ್ಳಿ. ಒಟ್ಟು ಐದು ಟನ್. ಬಿಸಿಲು ಬಂದ ಒಂದು ಮಧ್ಯಾಹ್ನ ಅದರಲ್ಲಿ ಅರ್ಧ ಒಂದೇ ಸಲಕ್ಕೆ ಜಾರಿದರೂ ಎರಡೂವರೆ ಟನ್. ಕೆಳಗೆ ನಿಂತವರಿಗೆ "ಜೊಂಯ್" ಅನ್ನೋ ಸದ್ದು ಕೇಳಿ ತಲೆ ಎತ್ತುವಷ್ಟು ಪುರುಸೊತ್ತೂ ಇರಲ್ಲ. ಜರ್ಮನಿಯಲ್ಲಿ ಓದುತ್ತಿರುವವರು "ಡಾಖ್‌ಲವೀನೆ" ಅನ್ನೋ ಎಚ್ಚರಿಕೆ ಫಲಕ ನೋಡಿರುತ್ತಾರೆ. ಮಾಡಿನಿಂದ ಕುಸಿಯುವ ಹಿಮಕ್ಕೇ ಅವರಲ್ಲಿ ಒಂದು ಪದ ಇದೆ.

ಎಲ್ಲಾ ಮಾಡುಗಳೂ ಹೀಗೆ ಜಾರಿಸಲ್ಲ. ಇಲ್ಲಿನ ಹೆಚ್ಚಿನ ಮನೆಗಳ ಮೇಲಿರುವುದು ಆಸ್ಫಾಲ್ಟ್ ಶಿಂಗಲ್. ಅದರ ಮೈಯೆಲ್ಲಾ ಮರಳಿನಂಥ ಹರಳು, ಮುಟ್ಟಿದರೆ ಎಮರಿ ಕಾಗದದ ಹಾಗೆ. ಹಿಮ ಅದಕ್ಕೆ ಕಚ್ಚಿಕೊಂಡು ಕೂರುತ್ತದೆ. ಅದರ ತೊಂದರೆ ಬೇರೆ: ಮನೆಯೊಳಗಿನ ಶಾಖ ಮೇಲೆ ಸೋರಿ ಹಿಮದ ತಳ ಕರಗುತ್ತೆ, ನೀರು ಇಳಿದು ತಣ್ಣಗಿರುವ ಸೂರಿನ ಅಂಚಿನಲ್ಲಿ ಮತ್ತೆ ಹೆಪ್ಪುಗಟ್ಟುತ್ತೆ, ಆ ಮಂಜುಗಡ್ಡೆಯ ಕಟ್ಟೆಯ ಹಿಂದೆ ನಿಂತ ನೀರು ಶಿಂಗಲ್ ಸಂದಿಯಿಂದ ಒಳಗೆ ಬರುತ್ತೆ. ಲೋಹದ ತಗಡಿನ ಮಾಡಿಗೆ ಇಷ್ಟು ತಾಪತ್ರಯ ಇಲ್ಲ. ಸ್ವಲ್ಪ ಕರಗಿ ತೆಳ್ಳಗೆ ನೀರಿನ ಪದರ ಬಂದರೆ ಸಾಕು, ಹಿಮವೆಲ್ಲಾ ಕೆಳಗೆ.

ಸೋಲಾರ್ ಪ್ಯಾನೆಲ್‌ನ ಗಾಜೂ ನುಣುಪೇ. ನಾನು ಹೇಳಬೇಕೆಂದಿರುವ ಮುಖ್ಯ ವಿಷಯ ಇಲ್ಲಿದೆ. ಶಿಂಗಲ್ ಮಾಡಿನ ಮೇಲೆ ಪ್ಯಾನೆಲ್ ಕೂರಿಸಿದ ದಿನವೇ ಆ ಮನೆ ಬದಲಾಗುತ್ತದೆ. ಮೂವತ್ತು ವರ್ಷ ಹಿಮ ಹಿಡಿದಿಟ್ಟುಕೊಂಡಿದ್ದ ಇಳಿಜಾರು ಈಗ ಜಾರುಬಂಡೆ. ಕೆಳಗಿನ ಬಾಗಿಲು, ಮೆಟ್ಟಿಲು, ಗ್ಯಾಸ್ ಮೀಟರ್, ಫರ್ನೇಸಿನ ಹೊಗೆ ಕೊಳವೆ ಎಲ್ಲಾ ಹಳೇ ಜಾಗದಲ್ಲೇ ಇವೆ. ಸೋಲಾರ್ ಹಾಕುವವರು ಯೂನಿಟ್ ಲೆಕ್ಕ ಹಾಕ್ತಾರೆ, ಮಾಡು ಭಾರ ತಡೆಯುತ್ತಾ ನೋಡ್ತಾರೆ. ಬೀಳುವ ಜಾಗದ ಲೆಕ್ಕ ಯಾರ ಕೆಲಸ? ಎಎಸ್‌ಸಿಇ 7 ಮಾನದಂಡದಲ್ಲಿ ಮೇಲಿನ ಮಾಡಿನಿಂದ ಕೆಳಗಿನ ಮಾಡಿಗೆ ಜಾರುವ ಹಿಮದ ಭಾರವನ್ನು 15 ಅಡಿ ಅಗಲಕ್ಕೆ ಹಂಚಿ ಲೆಕ್ಕ ಹಿಡಿಯಬೇಕು ಅಂತಿದೆ. ಒಳ್ಳೆಯದೇ. ಆದರೆ ಆ ಲೆಕ್ಕ ಕೆಳಗಿನ ಮಾಡು ಮುರಿಯದಿರಲಿ ಅಂತ. ಮೆಟ್ಟಿಲ ಮೇಲೆ ಬೀಗದ ಕೈ ಹುಡುಕುತ್ತಾ ನಿಂತವನು ಆ ಸಮೀಕರಣದಲ್ಲಿ ಇಲ್ಲ.

ಹೋದ ಚಳಿಗಾಲ ನಮ್ಮ ಸೀನಿಯರ್ ಒಬ್ಬರ ಬಾಡಿಗೆ ಮನೆಯಲ್ಲಿ ಜಾರಿದ ಹಿಮ ಗೋಡೆ ಪಕ್ಕದ ಫರ್ನೇಸ್ ಕೊಳವೆಗಳನ್ನು ಮುಚ್ಚಿತು. ಪ್ರೆಷರ್ ಸ್ವಿಚ್ ಕೆಲಸ ಮಾಡಿ ಫರ್ನೇಸ್ ನಿಂತಿತು, ಮನೆ ತಣ್ಣಗಾಯಿತು, ಅಷ್ಟರಲ್ಲೇ ಮುಗಿಯಿತು. ಕೆಟ್ಟ ಹಳೇ ಉಪಕರಣ ಆಗಿದ್ದರೆ ಕಾರ್ಬನ್ ಮಾನಾಕ್ಸೈಡ್ ಮನೆಯೊಳಗೇ ತುಂಬಬಹುದಿತ್ತು. ಮಾಲೀಕರ ಉತ್ತರ: "ಇಲ್ಲಿ ಹಿಮ ಬೀಳೋದೇ ಹಾಗೆ."

ಹಾಗೇನೂ ಇಲ್ಲ. ತಗಡಿನ ಮಾಡಿನ ಮಡಿಕೆಗಳಿಗೆ ತೂತು ಕೊರೆಯದೆ ಕ್ಲ್ಯಾಂಪ್‌ನಲ್ಲಿ ಹಿಡಿಸುವ ಸ್ನೋ ರೈಲ್ ಸಿಗುತ್ತದೆ. ಪ್ಯಾನೆಲ್‌ಗಳ ಕೆಳಗೆ ಒಂದಿಷ್ಟು ಮಾಡು ಬಿಟ್ಟು ಅಲ್ಲಿ ರೈಲ್ ಹಾಕಬಹುದು. ಬಾಗಿಲ ಮೇಲೆ ಪುಟ್ಟದೊಂದು ಎರಡಿಳಿಜಾರಿನ ಮಾಡು ಕಟ್ಟಿದರೆ ಹಿಮ ಎಡಕ್ಕೂ ಬಲಕ್ಕೂ ಸೀಳಿಕೊಂಡು ಹೋಗುತ್ತದೆ. "ಹಾಗಾದ್ರೆ ಮಾಡಿನ ತುಂಬಾ ತಡೆ ಹಾಕಿಬಿಡೋಣ" ಅನ್ನುವವರಿದ್ದಾರೆ. ನಾನು ಒಪ್ಪಲ್ಲ. ತೂಕವೆಲ್ಲಾ ಮೇಲೇ ಉಳಿಯುತ್ತೆ, ಪ್ಯಾನೆಲ್ ಮುಚ್ಚಿಕೊಂಡೇ ಇರುತ್ತೆ. ಪ್ಯಾನೆಲ್ ಒಳಗೆ ಸೆಲ್‌ಗಳು ಸಾಮಾನ್ಯವಾಗಿ ಉದ್ದಕ್ಕೆ ಮೂರು ಸರಣಿಗಳಲ್ಲಿರುತ್ತವೆ. ಹಳೇ ಮಾದರಿಯ ಪ್ಯಾನೆಲ್ಲನ್ನು ಉದ್ದುದ್ದ ನಿಲ್ಲಿಸಿ ಕೂರಿಸಿದ್ದರೆ, ಕೆಳ ಅಂಚಿನಲ್ಲಿ ಒಂದು ಗೇಣು ಹಿಮ ನಿಂತರೂ ಮೂರೂ ಸರಣಿ ಸೊನ್ನೆ. ಅಡ್ಡಡ್ಡ ಕೂರಿಸಿದ್ದರೆ ಒಂದು ಸರಣಿ ಹೋದರೂ ಎರಡು ಬದುಕುತ್ತವೆ. ಆದ್ದರಿಂದ ಜನ ಓಡಾಡದ ಕಡೆ ಜಾರಲು ಬಿಡಿ. ಬಾಗಿಲು, ಮೀಟರ್, ಕೊಳವೆಯ ಮೇಲೆ ಮಾತ್ರ ತಡೆಯಿರಿ.

ಹಾಗೇ ಒಂದು ಮಾತು: ಕರೆಂಟ್ ಉಳಿಸೋಕೆ ಅಂತ ಏಣಿ ಹತ್ತಿ ಪ್ಯಾನೆಲ್ ಒರೆಸಬೇಡಿ, ಬಿಸಿನೀರು ಸುರಿದು ಗಾಜು ಸೀಳಿಸಬೇಡಿ. ಡಿಸೆಂಬರಿನ ಈ ಮೋಡದಲ್ಲಿ ಸಿಗುವ ಯೂನಿಟ್‌ಗೆ ಕಾಲು ಮುರಿದುಕೊಳ್ಳುವಷ್ಟು ಬೆಲೆ ಇಲ್ಲ.

ನಾನು ಸಾಗರದ ಕಡೆಯವನು. ನಮ್ಮ ಹಂಚಿನ ಮನೆಗಳಲ್ಲಿ ಸೂರಿನ ನೀರು ಎಲ್ಲಿ ಬೀಳಬೇಕು ಅನ್ನೋದು ಮನೆ ಕಟ್ಟುವಾಗಲೇ ತೀರ್ಮಾನ ಆಗಿರುತ್ತೆ. ಕೆಳಗೆ ಚರಂಡಿ ಇರುತ್ತೆ, ಬಾಗಿಲ ಮೇಲೆ ಅಡಿಕೆ ಮರ ಸೀಳಿದ ದಂಬೆ ಕಟ್ಟಿ ನೀರನ್ನು ಪಕ್ಕಕ್ಕೆ ತಿರುಗಿಸಿರುತ್ತಾರೆ. ಇದಕ್ಕೆ ಯಾವ ಎಂಜಿನಿಯರೂ ಬಂದಿರಲಿಲ್ಲ. ಮಳೆ ನೀರಿಗೇ ಇಷ್ಟು ಯೋಚನೆ ಮಾಡುವವರು ಐದು ಟನ್ ಹಿಮಕ್ಕೆ "ಅದು ಹಾಗೇ" ಅನ್ನೋ ಉತ್ತರ ಕೇಳಿ ಸುಮ್ಮನಿರೋದು ನನಗೆ ವಿಚಿತ್ರ ಅನ್ನಿಸುತ್ತೆ.

ನಮ್ಮ ಸಂಘ ಪ್ರತಿ ಬೇಸಿಗೆ ಹೊಸಬರಿಗೆ ಕಳಿಸುವ ಬಾಡಿಗೆ ಮನೆಗಳ ಪಟ್ಟಿಯಲ್ಲಿ ಈ ಸಲ ಮೂರು ಕಾಲಂ ಸೇರಿಸಬೇಕು ಅಂತ ಕೇಳಿಕೊಳ್ಳುತ್ತಿದ್ದೇನೆ: ಮಾಡು ಶಿಂಗಲ್ಲೋ ತಗಡೋ ಸೋಲಾರೋ, ಹಿಮ ಯಾವ ಕಡೆ ಜಾರುತ್ತೆ, ಆ ಕಡೆ ಬಾಗಿಲು ಅಥವಾ ಕೊಳವೆ ಇದೆಯಾ. ಈಗ ಆ ಮನೆಗಳಲ್ಲಿ ಇರುವವರು ಮಾರ್ಚ್ ಮುಗಿಯೋದರೊಳಗೆ ಒಮ್ಮೆ ಹೊರಗೆ ಬಂದು, ಸೂರಿನಿಂದ ದೂರ ನಿಂತು, ಮೇಲೆ ನೋಡಿ ತುಂಬಿ ಕಳಿಸಿ. ಹಿಮ ಕರಗಿದ ಮೇಲೆ ಗೊತ್ತಾಗಲ್ಲ.